ಆಂಡ್ರೋಪಾಸ್

ಆಂಡ್ರೋಪಾಸ್ ಎಂಬುದು ಮಧ್ಯವಯಸ್ಸಿನ ಪುರುಷರಲ್ಲಿ ಟೆಸ್ಟೋಸ್ಟೆರೋನ್ ಹಾರ್ಮೋನಿನ ಪ್ರಮಾಣ ಕುಗ್ಗುವುದರಿಂದ ಉಂಟಾಗುವ ದೈಹಿಕ ಮತ್ತು ಮಾನಸಿಕ ಬದಲಾವಣೆಗಳಿಗೆ ರೂಢಿಯಲ್ಲಿರುವ ಹೆಸರು. ಇದನ್ನು ಪುರುಷರ ಋತುಬಂಧ ಎಂದೂ ಕರೆಯುವುದುಂಟು. ಆದರೆ ಈ ಹೋಲಿಕೆ ಪೂರ್ಣವಾಗಿ ಸರಿಯಲ್ಲ. ಸ್ತ್ರೀಯರಲ್ಲಿ ಅಂಡಾಶಯಗಳ ಕಾರ್ಯ ಕೆಲವೇ ವರ್ಷಗಳ ಅವಧಿಯಲ್ಲಿ ನಿಲ್ಲುತ್ತದೆ. ಪುರುಷರಲ್ಲಿ ಟೆಸ್ಟೋಸ್ಟೆರೋನ್ 30–40ರ ವಯಸ್ಸಿನ ನಂತರ ವರ್ಷಕ್ಕೆ ಸರಾಸರಿ ಶೇ. 1ರಷ್ಟು ಇಳಿಯುತ್ತದೆ ಮತ್ತು ವೀರ್ಯಾಣುಗಳ ಉತ್ಪಾದನೆ ಇಳಿವಯಸ್ಸಿನವರೆಗೂ ಮುಂದುವರಿಯುತ್ತದೆ. ಹೆಚ್ಚಿನವರಲ್ಲಿ ಈ ಇಳಿಕೆ ಯಾವ ರೋಗವನ್ನೂ ಉಂಟುಮಾಡುವುದಿಲ್ಲ. ಲಕ್ಷಣಗಳೂ ರಕ್ತಪರೀಕ್ಷೆಯ ಫಲಿತಾಂಶವೂ ಒಟ್ಟಾಗಿ ಕೊರತೆಯನ್ನು ತೋರಿಸಿದಾಗ ಮಾತ್ರ ವೈದ್ಯರು ಅದನ್ನು 'ತಡವಾಗಿ ಆರಂಭವಾಗುವ ಹೈಪೋಗೊನಾಡಿಸಂ' ಎಂದು ಗುರುತಿಸುತ್ತಾರೆ.

ಇತಿಹಾಸ

1889ರಲ್ಲಿ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ತಮ್ಮ 72ನೆಯ ವಯಸ್ಸಿನಲ್ಲಿ ಪ್ರಾಣಿಗಳ ವೃಷಣದ ಸಾರವನ್ನು ಚುಚ್ಚಿಕೊಂಡು, ಯೌವನದ ಚೈತನ್ಯ ಮರಳಿತೆಂದು ಘೋಷಿಸಿದರು. ಆ ಸಾರದಲ್ಲಿ ಹಾರ್ಮೋನಿನ ಅಂಶ ತೀರಾ ಅಲ್ಪವಾಗಿದ್ದುದರಿಂದ, ಅವರ ಅನುಭವ ನಂಬಿಕೆಯ ಫಲವೆಂದು ಇಂದು ಪರಿಗಣಿಸಲಾಗಿದೆ. 1935ರಲ್ಲಿ ಟೆಸ್ಟೋಸ್ಟೆರೋನ್ ಅನ್ನು ಪ್ರತ್ಯೇಕಿಸಲಾಯಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕಾ ಅದನ್ನು ಕೃತಕವಾಗಿ ತಯಾರಿಸಿದರು. ಇವರಿಬ್ಬರೂ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಹಾರ್ಮೋನಿನ ನಿಯಂತ್ರಣ

ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ನೀಡುತ್ತದೆ. ಪಿಟ್ಯುಟರಿ ಸ್ರವಿಸುವ ಎಲ್‌ಎಚ್ ಹಾರ್ಮೋನು ವೃಷಣಗಳಲ್ಲಿರುವ ಲೇಡಿಗ್ ಕೋಶಗಳನ್ನು ಪ್ರಚೋದಿಸಿ ಟೆಸ್ಟೋಸ್ಟೆರೋನ್ ಉತ್ಪಾದಿಸುವಂತೆ ಮಾಡುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಸಾಕಷ್ಟಿದ್ದಾಗ ಮೆದುಳಿನಿಂದ ಬರುವ ಸೂಚನೆ ತಗ್ಗುತ್ತದೆ. ವಯಸ್ಸಾದಂತೆ ಲೇಡಿಗ್ ಕೋಶಗಳು ಕಡಿಮೆಯಾಗುತ್ತವೆ. ಇದರೊಂದಿಗೆ ಟೆಸ್ಟೋಸ್ಟೆರೋನ್ ಅನ್ನು ಬಂಧಿಸುವ ಪ್ರೋಟೀನು ರಕ್ತದಲ್ಲಿ ಹೆಚ್ಚುವುದರಿಂದ ದೇಹಕ್ಕೆ ಮುಕ್ತವಾಗಿ ದೊರೆಯುವ ಅಂಶ ಇನ್ನಷ್ಟು ಕುಗ್ಗುತ್ತದೆ.

ಲಕ್ಷಣಗಳು

ಕಾಮಾಸಕ್ತಿ ಕುಂದುವುದು, ನಿಮಿರು ದೌರ್ಬಲ್ಯ, ಆಯಾಸ, ಸ್ನಾಯುಶಕ್ತಿಯ ಇಳಿಕೆ, ಹೊಟ್ಟೆಯ ಸುತ್ತ ಕೊಬ್ಬು ಶೇಖರಣೆ, ಮೂಳೆಗಳ ಸವೆತ, ರಕ್ತಹೀನತೆ, ಸಿಡುಕು, ಮಂಕುತನ ಮತ್ತು ಏಕಾಗ್ರತೆಯ ಕೊರತೆ ಮುಖ್ಯವಾದವು. ಇವುಗಳಲ್ಲಿ ಹಲವು ಬೇರೆ ಕಾರಣಗಳಿಂದಲೂ ಉಂಟಾಗುತ್ತವೆ. 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು 40ರಿಂದ 79 ವರ್ಷದ 3,369 ಪುರುಷರನ್ನು ಪರೀಕ್ಷಿಸಿತು. ಬೆಳಗಿನ ನಿಮಿರುವಿಕೆ ಕಡಿಮೆಯಾಗುವುದು, ಲೈಂಗಿಕ ಆಲೋಚನೆಗಳು ವಿರಳವಾಗುವುದು ಮತ್ತು ನಿಮಿರು ದೌರ್ಬಲ್ಯ ಎಂಬ ಮೂರು ಲಕ್ಷಣಗಳು ಒಟ್ಟಾಗಿ ಟೆಸ್ಟೋಸ್ಟೆರೋನ್ ಕೊರತೆಯನ್ನು ಸೂಚಿಸುತ್ತವೆ ಎಂದು ಅದು ಕಂಡುಕೊಂಡಿತು. ಈ ಮಾನದಂಡದ ಪ್ರಕಾರ ನಿಜವಾದ ಕೊರತೆಯಿದ್ದವರು ಶೇ. 2.1 ಮಾತ್ರ.

ಇತರ ಕಾರಣಗಳು

ಬೊಜ್ಜು, ಟೈಪ್-2 ಮಧುಮೇಹ, ನಿದ್ರೆಯ ಕೊರತೆ, ನಿದ್ರೆಯಲ್ಲಿ ಉಸಿರುಗಟ್ಟುವಿಕೆ, ಅತಿಯಾದ ಮದ್ಯಪಾನ, ಖಿನ್ನತೆ ಮತ್ತು ಥೈರಾಯ್ಡ್ ದೋಷಗಳಿಂದಲೂ ಇಂತಹ ಲಕ್ಷಣಗಳು ತೋರುತ್ತವೆ. ಇವುಗಳಲ್ಲಿ ಕೆಲವು ಟೆಸ್ಟೋಸ್ಟೆರೋನ್ ಪ್ರಮಾಣವನ್ನೂ ತಗ್ಗಿಸುತ್ತವೆ. ಉದಾಹರಣೆಗೆ, ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವವು ಟೆಸ್ಟೋಸ್ಟೆರೋನ್ ಅನ್ನು ಈಸ್ಟ್ರೋಜನ್ ಆಗಿ ಪರಿವರ್ತಿಸುತ್ತದೆ. ನಿಮಿರು ದೌರ್ಬಲ್ಯವು ರಕ್ತನಾಳಗಳ ಕಾಯಿಲೆಯ ಮೊದಲ ಸೂಚನೆಯೂ ಆಗಿರಬಹುದು. ಹೃದ್ರೋಗ ಪ್ರಕಟವಾಗುವ ಕೆಲವು ವರ್ಷಗಳ ಮೊದಲೇ ಅದು ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಎಲ್ಲವನ್ನೂ ವಯಸ್ಸಿನ ಮೇಲೆ ಹೊರಿಸಿದರೆ ಮಧುಮೇಹ ಅಥವಾ ಹೃದ್ರೋಗ ಪತ್ತೆಯಾಗದೆ ಉಳಿಯುವ ಅಪಾಯವಿದೆ.

ರೋಗನಿರ್ಣಯ

ಟೆಸ್ಟೋಸ್ಟೆರೋನ್ ಪ್ರಮಾಣ ಬೆಳಿಗ್ಗೆ ಗರಿಷ್ಠವಾಗಿದ್ದು ಹಗಲಿನಲ್ಲಿ ಇಳಿಯುತ್ತದೆ. ಆಹಾರ ಸೇವನೆಯಿಂದಲೂ ತಗ್ಗುತ್ತದೆ. ಹೀಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನಗಳಂದು ರಕ್ತಪರೀಕ್ಷೆ ನಡೆಸಬೇಕು. ಜ್ವರ ಅಥವಾ ತೀವ್ರ ಕಾಯಿಲೆಯಿರುವಾಗ ಪರೀಕ್ಷಿಸಬಾರದು. ಅಮೆರಿಕದ ಮೂತ್ರಾಂಗ ತಜ್ಞರ ಸಂಘದ 2018ರ ಮಾರ್ಗಸೂಚಿಯ ಪ್ರಕಾರ, ಎರಡೂ ಬಾರಿ ಪ್ರತಿ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆಯಿದ್ದು ಲಕ್ಷಣಗಳೂ ಇದ್ದರೆ ಕೊರತೆಯೆಂದು ಪರಿಗಣಿಸಬಹುದು.

ಚಿಕಿತ್ಸೆ

ತೂಕ ಇಳಿಕೆ, ವ್ಯಾಯಾಮ, ಸಾಕಷ್ಟು ನಿದ್ರೆ, ಮದ್ಯವರ್ಜನೆ ಮತ್ತು ಮಧುಮೇಹದ ನಿಯಂತ್ರಣ ಮೊದಲ ಹಂತದ ಕ್ರಮಗಳು. ಕೊರತೆ ದೃಢಪಟ್ಟವರಿಗೆ ಚುಚ್ಚುಮದ್ದು ಅಥವಾ ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲಿ ಟೆಸ್ಟೋಸ್ಟೆರೋನ್ ನೀಡಲಾಗುತ್ತದೆ. ಹೊರಗಿನಿಂದ ಹಾರ್ಮೋನು ನೀಡಿದಾಗ ಪಿಟ್ಯುಟರಿಯ ಸೂಚನೆ ತಗ್ಗಿ ವೀರ್ಯಾಣುಗಳ ಉತ್ಪಾದನೆ ಕುಸಿಯುತ್ತದೆ. ಆದ್ದರಿಂದ ಮಕ್ಕಳನ್ನು ಪಡೆಯಬಯಸುವವರಿಗೆ ಇದು ಸೂಕ್ತವಲ್ಲ. ಕೆಂಪು ರಕ್ತಕಣಗಳು ಅತಿಯಾಗಿ ಹೆಚ್ಚುವ ಸಂಭವವೂ ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಸಾಮಾನ್ಯವಾಗಿ ಇದನ್ನು ನೀಡುವುದಿಲ್ಲ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ, ಹೃದ್ರೋಗದ ಅಪಾಯವಿದ್ದ ಪುರುಷರಲ್ಲಿ ಈ ಚಿಕಿತ್ಸೆಯಿಂದ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಹೃದಯದ ಲಯ ತಪ್ಪುವಿಕೆ ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ತುಸು ಹೆಚ್ಚಾಗಿ ಕಂಡುಬಂದವು.

ಚಿತ್ರದುರ್ಗ ಜಿಲ್ಲೆಯ ಸಂದರ್ಭದಲ್ಲಿ

ಚಿತ್ರದುರ್ಗ ಜಿಲ್ಲೆಯು ಪದೇ ಪದೇ ಬರಗಾಲಕ್ಕೆ ತುತ್ತಾಗುವ ಪ್ರದೇಶ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಸಾಲದ ಹೊರೆ ಹೊತ್ತ ರೈತನಿಗೆ ನಿದ್ರೆ ಬಾರದಿರುವುದು, ಸಿಡುಕು ಮತ್ತು ನಿರಾಸಕ್ತಿಗಳು ಹಾರ್ಮೋನಿನ ಕೊರತೆಗಿಂತ ಖಿನ್ನತೆಯ ಲಕ್ಷಣಗಳಾಗಿರುವ ಸಾಧ್ಯತೆ ಹೆಚ್ಚು. ಗಂಡಸು ದುಃಖ ತೋಡಿಕೊಳ್ಳಬಾರದೆಂಬ ಭಾವನೆಯಿಂದಾಗಿ ಇವು ಮನೆಯವರಿಗೂ ತಿಳಿಯದೆ ಉಳಿಯುತ್ತವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

30 ವರ್ಷ ದಾಟಿದವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆಯು ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳವರು ಮೊದಲ ತಪಾಸಣೆಯನ್ನು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬಹುದು. ಹಾರ್ಮೋನು ಪರೀಕ್ಷೆಗಾಗಿ ಚಿತ್ರದುರ್ಗಕ್ಕೋ ಬೇರೆ ನಗರಕ್ಕೋ ಹೋಗುವವರಿಗೆ ಸಮಯ ಮುಖ್ಯ. ತಿಂಡಿ ಮುಗಿಸಿ ಬಸ್ಸು ಹಿಡಿದು ಮಧ್ಯಾಹ್ನ ಪ್ರಯೋಗಾಲಯ ತಲುಪಿದವರ ರಕ್ತದಲ್ಲಿ ಪ್ರಮಾಣ ಸಹಜವಾಗಿಯೇ ಕಡಿಮೆ ಕಾಣಿಸಿ, ಇಲ್ಲದ ಕೊರತೆ ಇದೆಯೆಂದು ತೋರಬಹುದು.

ಜಾಹೀರಾತುಗಳು ಮತ್ತು ಕಾನೂನು

ಪುರುಷರ ಸಂಕೋಚವನ್ನು ಬಳಸಿಕೊಂಡು ಶಕ್ತಿವರ್ಧಕಗಳನ್ನು ಮಾರುವ ಭಿತ್ತಿಪತ್ರಗಳು ಬಸ್ ನಿಲ್ದಾಣಗಳ ಗೋಡೆಗಳಲ್ಲಿ ಸಾಮಾನ್ಯ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಔಷಧಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆ ನಿಷೇಧಿಸಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2015ರಲ್ಲಿ, ಕೇವಲ ವಯಸ್ಸಿನ ಕಾರಣದಿಂದ ಇಳಿದ ಟೆಸ್ಟೋಸ್ಟೆರೋನಿಗೆ ಚಿಕಿತ್ಸೆಯಾಗಿ ಹಾರ್ಮೋನು ನೀಡುವುದರ ಸುರಕ್ಷತೆ ಮತ್ತು ಪ್ರಯೋಜನ ಸಾಬೀತಾಗಿಲ್ಲವೆಂದು ಎಚ್ಚರಿಸಿದೆ.