ಅಂಗನವಾಡಿ ಸಹಾಯಕಿ ಟೀಚರ್ ಆಗೋದು ಹೇಗೆ? ಕೋರ್ಸ್‌ಗೆ ದುಡ್ಡು ಕಟ್ಟೋ ಮೊದಲು ಇದನ್ನ ಕೇಳಿ

(ಈ ವಾರದ ಎಪಿಸೋಡಿನ ಬರಹ ರೂಪ)

ಹಗರೆ ಕಡೆಯ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಹಗರೆ ಗೊತ್ತಲ್ಲ, ಹಾಸನದಿಂದ ಬೇಲೂರಿಗೆ ಹೋಗುವಾಗ ಹಳೇಬೀಡಿಗೆ ತಿರುಗೋ ಊರು. ಅವರ ಪ್ರಶ್ನೆ ಇಷ್ಟು: "ಅಣ್ಣ, ನಮ್ಮ ಅತ್ತಿಗೆ ಅಂಗನವಾಡೀಲಿ ಸಹಾಯಕಿ. ನಾಲ್ಕು ವರ್ಷ ಆಯ್ತು. ಮಕ್ಕಳೆಲ್ಲಾ ಅವರ ಹಿಂದೇನೇ ಓಡಾಡ್ತವೆ. ಈಗ ಯಾರೋ, ನರ್ಸರಿ ಟೀಚರ್ ಟ್ರೈನಿಂಗ್ ಕೋರ್ಸ್ ಮಾಡಿದ್ರೆ ಟೀಚರ್ ಪೋಸ್ಟ್ ಗ್ಯಾರಂಟಿ, ಫೀಸ್ ಕಟ್ಟಿ ಅಂತಿದಾರೆ. ಕಟ್ಟಬಹುದಾ?"

ಮೊದಲು ಉತ್ತರ ಹೇಳಿಬಿಡ್ತೀನಿ. ಈಗಲೇ ಕಟ್ಟಬೇಡಿ. ಅಂಗನವಾಡಿ ಒಳಗೆ ಮೇಲಕ್ಕೆ ಹೋಗೋಕೆ ಲೆಕ್ಕಕ್ಕೆ ಬರೋ ವಿಷಯಗಳೇ ಬೇರೆ. ಅವು ಯಾವುವು, ಈ ಕೆಲಸವನ್ನ ನಿಜವಾಗಿ ಕಲಿಸೋದು ಯಾರು, ಕಲಿತದ್ದಕ್ಕೆ ಕಾಗದದ ಮೇಲೆ ಎಷ್ಟು ಬೆಲೆ ಇದೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಮೆಟ್ಟಿಲುಗಳನ್ನ ನೋಡೋಣ. ಒಂದು ಅಂಗನವಾಡಿಯಲ್ಲಿ ಇಬ್ಬರು. ನಾವು ಟೀಚರ್, ಮಿಸ್ಸು ಅಂತ ಕರೆಯೋರು ಸರ್ಕಾರದ ಭಾಷೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಅಡುಗೆ ಮಾಡಿ, ಮನೆಮನೆಗೆ ಹೋಗಿ ಮಕ್ಕಳನ್ನ ಕರ್ಕೊಂಡು ಬಂದು, ಕೈಕಾಲು ತೊಳೆಸಿ ಕೂರಿಸೋರು ಸಹಾಯಕಿ. ಇಪ್ಪತ್ತು, ಇಪ್ಪತ್ತೈದು ಕೇಂದ್ರಗಳಿಗೆ ಒಬ್ಬರಂತೆ ವಲಯ ಮೇಲ್ವಿಚಾರಕಿ ಇರ್ತಾರೆ. ಅವರ ಮೇಲೆ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದ್ರೆ ಎಲ್ಲರ ಬಾಯಲ್ಲೂ ಇರೋ ಸಿಡಿಪಿಒ. ಇಡೀ ವ್ಯವಸ್ಥೆಗೆ ಐಸಿಡಿಎಸ್ ಅಂತ ಹೆಸರು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಪ್ರಯೋಗವಾಗಿ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಈಗ ತರಬೇತಿ. ನಾನು ಬಿ.ಕಾಂ ಓದಿದವನು, ನನಗೆ ಅಂಕಿ ಸಿಕ್ಕಿದ ಕೂಡಲೇ ಕೂಡಿ ಕಳೆಯೋ ಚಟ. ಐಸಿಡಿಎಸ್ ಹಾಕ್ಕೊಂಡಿದ್ದ ಲೆಕ್ಕದಲ್ಲಿ ಕಾರ್ಯಕರ್ತೆಗೆ 26 ಕೆಲಸದ ದಿನಗಳ ಉದ್ಯೋಗ ತರಬೇತಿ. ಸಹಾಯಕಿಗೆ 8 ದಿನದ ಪರಿಚಯ ತರಬೇತಿ. ಆಮೇಲೆ ಆಗಾಗ ಐದಾರು ದಿನದ ಪುನಶ್ಚೇತನ. ಸಹಾಯಕಿ ಐದು ವರ್ಷ ಕೆಲಸ ಮಾಡಿದ್ರೆ ಸಾವಿರಕ್ಕೂ ಹೆಚ್ಚು ದಿನ ಮಕ್ಕಳ ಜೊತೆ ಕಳೆದಿರ್ತಾರೆ. ಅದರಲ್ಲಿ ಯಾರಾದರೂ ಎದುರು ನಿಂತು ಪಾಠ ಹೇಳಿದ್ದು ಹತ್ತು, ಹದಿನೈದು ದಿನ. ಉಳಿದದ್ದೆಲ್ಲಾ ಕೇಂದ್ರದಲ್ಲೇ, ಪಕ್ಕದಲ್ಲಿರೋ ಟೀಚರ್ ನೋಡಿ ಕಲಿತದ್ದು.

ಏನು ಕಲೀತಾರೆ? "ಮಕ್ಕಳನ್ನ ನೋಡ್ಕೊಳ್ಳೋದು" ಅಂದುಬಿಡ್ತೀವಿ. ಅದು ಅಷ್ಟು ಸುಲಭದ ಕೆಲಸ ಆಗಿದ್ರೆ ನಾವೆಲ್ಲಾ ನಮ್ಮ ಅಕ್ಕನ ಮಗುವನ್ನ ಎರಡು ಗಂಟೆ ಫೋನ್ ಕೊಡದೆ ಸಂಭಾಳಿಸಿರ್ತಿದ್ವಿ.

ತೂಕ ಮಾಡೋದನ್ನೇ ತಗೊಳ್ಳಿ. ತಿಂಗಳಿಗೊಮ್ಮೆ ಮಗುವನ್ನ ತೂಗಿ, ಬೆಳವಣಿಗೆ ನಕ್ಷೆಯಲ್ಲಿ ಒಂದು ಚುಕ್ಕಿ ಇಡಬೇಕು. ನಕ್ಷೆಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿವೆ. ಹಸಿರಲ್ಲಿದ್ರೆ ತೊಂದ್ರೆ ಇಲ್ಲ, ಕಿತ್ತಳೆಗೆ ಇಳಿದ್ರೆ ಅಪಾಯ. ಇಷ್ಟನ್ನ ಒಂದು ದಿನದಲ್ಲಿ ಹೇಳಿಕೊಡಬಹುದು. ಆದ್ರೆ ಅನುಭವ ಇರೋ ಟೀಚರ್ ಬಣ್ಣ ನೋಡೋದಕ್ಕಿಂತ ಹೆಚ್ಚಾಗಿ ಗೆರೆ ನೋಡ್ತಾರೆ. ಮಗು ಹಸಿರು ಪಟ್ಟಿಯಲ್ಲೇ ಇದ್ರೂ ಮೂರು ತಿಂಗಳಿಂದ ಗೆರೆ ಮೇಲೇರದೆ ಮಟ್ಟಸವಾಗಿ ಹೋಗ್ತಿದ್ರೆ, ಮನೇಲಿ ಏನೋ ಆಗ್ತಿದೆ ಅಂತ ಅರ್ಥ. ಭೇದಿ ಆಗಿರಬಹುದು, ಮನೇಲಿ ಇನ್ನೊಂದು ಕೂಸು ಹುಟ್ಟಿರಬಹುದು, ತಾಯಿ ಶುಂಠಿ ಹೊಲಕ್ಕೆ ಬೆಳಿಗ್ಗೆಯೇ ಹೊರಟು ಮಗುವಿಗೆ ತಿನ್ನಿಸೋರು ಯಾರೂ ಇಲ್ಲದೆ ಇರಬಹುದು. ಇದರಲ್ಲಿ ಯಾವುದು ಅಂತ ಟೀಚರ್‌ಗಿಂತ ಮೊದಲು ಗೊತ್ತಾಗೋದು ಸಹಾಯಕಿಗೆ. ದಿನಾ ಬೆಳಿಗ್ಗೆ ಆ ಮನೆ ಬಾಗಿಲಿಗೆ ಹೋಗೋರು ಅವರೇ ತಾನೇ.

ತೋಳಿನ ಸುತ್ತಳತೆ ಅಳೆಯೋ ಟೇಪ್ ಇನ್ನೊಂದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಅಳತೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ಟೇಪಿನ ಕೆಂಪು ಭಾಗ, ಅದು ತೀವ್ರ ಅಪೌಷ್ಟಿಕತೆಯ ಗುರುತು. 12.5ರ ತನಕ ಹಳದಿ. ಟೇಪ್ ಬಿಗಿಯಾಗಿ ಎಳೆದ್ರೆ ಆರೋಗ್ಯವಾಗಿರೋ ಮಗುವೂ ಹಳದಿಗೆ ಬರುತ್ತೆ, ಸಡಿಲ ಬಿಟ್ರೆ ಕೆಂಪಲ್ಲಿರೋ ಮಗು ತಪ್ಪಿಸಿಕೊಳ್ಳುತ್ತೆ. ಎಷ್ಟು ಎಳೀಬೇಕು ಅನ್ನೋದು ಪುಸ್ತಕ ಓದಿ ಬರೋದಲ್ಲ, ನೂರು ತೋಳು ಅಳೆದ ಮೇಲೆ ಕೈಗೆ ಬರುತ್ತೆ.

ಇನ್ನು ಪಾಠ. ಒಂದೇ ಕೋಣೆ. ಮೂರು ವರ್ಷದ ಮಗು ಅಮ್ಮ ಬೇಕು ಅಂತ ಅಳ್ತಿದೆ, ಐದೂವರೆ ವರ್ಷದ್ದು ನಾನು ದೊಡ್ಡವನು ಅಂತ ಆಟದ ಸಾಮಾನೆಲ್ಲಾ ಬಾಚ್ಕೊಂಡು ಕೂತಿದೆ. ಬೇಲೂರು ಕಡೆ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಗು ಇದ್ರೆ ಅದಕ್ಕೆ ಕನ್ನಡವೇ ಬರಲ್ಲ. ಈ ಮೂವರನ್ನೂ ಒಂದೇ ಕಥೆಯಲ್ಲಿ ಹಿಡಿದು ಕೂರಿಸಬೇಕು. ಇಲಾಖೆಯ ಚಿಲಿಪಿಲಿ ಪುಸ್ತಕದಲ್ಲಿ ಚಟುವಟಿಕೆಗಳು ಇವೆ. 2024ರಲ್ಲಿ ಕೇಂದ್ರ ಸರ್ಕಾರ ಮೂರರಿಂದ ಆರು ವರ್ಷದವರಿಗೆ ಆಧಾರಶಿಲಾ, ಅದಕ್ಕಿಂತ ಚಿಕ್ಕವರಿಗೆ ನವಚೇತನಾ ಅಂತ ಎರಡು ಚೌಕಟ್ಟು ತಂತು. ಅದಕ್ಕೂ ಮೊದಲು, 2023ರ ಮೇ ತಿಂಗಳಲ್ಲಿ, ಪೋಷಣ್ ಭೀ ಪಢಾಯಿ ಭೀ ಅನ್ನೋ ಕಾರ್ಯಕ್ರಮ ಘೋಷಣೆ ಆಯ್ತು. ಅದರಡಿ ಕಾರ್ಯಕರ್ತೆಯರಿಗೆ ಮೂರು ದಿನದ ತರಬೇತಿ. ಹೌದು, ಮೂರೇ ದಿನ. ಒಳ್ಳೆ ಪಠ್ಯವನ್ನ ಇಷ್ಟು ಅವಸರದಲ್ಲಿ ಹೇಳಿ ಮುಗಿಸೋದು ನನಗಂತೂ ಸರಿ ಕಾಣಲ್ಲ.

ಹಾಗಾದ್ರೆ ಕಲಿಕೆಗೆ ಯಾವ ವ್ಯವಸ್ಥೆಯೂ ಇಲ್ವಾ? ಇದೆ. ಅದನ್ನ ನಾವು ಮೀಟಿಂಗ್ ಅಂತೀವಿ. ತಿಂಗಳಿಗೊಮ್ಮೆ ವಲಯದ ಕಾರ್ಯಕರ್ತೆಯರೆಲ್ಲಾ ಒಂದು ಕಡೆ ಸೇರ್ತಾರೆ, ಮೇಲ್ವಿಚಾರಕಿ ಬರ್ತಾರೆ. 2018ರಲ್ಲಿ ಪೋಷಣ್ ಅಭಿಯಾನ ಬಂದಾಗ ಈ ಮೀಟಿಂಗನ್ನೇ ತರಗತಿ ಮಾಡೋ ಯೋಚನೆ ಬಂತು. ಒಟ್ಟು 21 ಪಾಠಗಳು. ಒಂದು ಮೀಟಿಂಗ್‌ನಲ್ಲಿ ಒಂದೇ ವಿಷಯ ಕಲಿತು, ಆ ತಿಂಗಳು ಮನೆ ಭೇಟಿಯಲ್ಲಿ ಅದನ್ನೇ ಮಾಡಿ ನೋಡಿ, ಮುಂದಿನ ಮೀಟಿಂಗ್‌ಗೆ ಏನಾಯ್ತು ಅಂತ ಹೇಳಬೇಕು. ಕಡಿಮೆ ತೂಕದ ಕೂಸನ್ನ ಬೆಚ್ಚಗಿಡೋದು ಒಂದು ತಿಂಗಳು, ಆರು ತಿಂಗಳಾದ ಮೇಲೆ ಮೇಲಾಹಾರ ಶುರು ಮಾಡೋದು ಇನ್ನೊಂದು ತಿಂಗಳು. ಕೆಲಸ ಮಾಡ್ತಾ ಕಲಿಯೋದಕ್ಕೆ ಇದಕ್ಕಿಂತ ಹೊಂದೋ ದಾರಿ ನನಗೆ ಕಾಣ್ತಿಲ್ಲ. ಆದ್ರೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಂಟ್ರಿ ಬಾಕಿ ಇದೆ, ಆ ರಿಪೋರ್ಟ್ ಕೊಡಿ, ಈ ರಿಜಿಸ್ಟರ್ ತೋರಿಸಿ ಅಂತ ಶುರುವಾದ್ರೆ ಪಾಠಕ್ಕೆ ಸಮಯ ಎಲ್ಲಿ? ಸಹಾಯಕಿಯರಂತೂ ಈ ಮೀಟಿಂಗ್‌ಗೆ ಸಾಮಾನ್ಯವಾಗಿ ಹೋಗೋದೇ ಇಲ್ಲ. ಟೀಚರ್ ಮೀಟಿಂಗ್‌ಗೆ ಹೋದ ದಿನ ಕೇಂದ್ರ ನಡೆಸೋರು ಅವರೇ ಅಲ್ವಾ.

ಇಲ್ಲಿ ಸ್ವಲ್ಪ ಹೊರಗಿನದ್ದು ಹೇಳ್ತೀನಿ, ಹೋಲಿಕೆಗೆ ಬೇಕು. ಇಂಗ್ಲೆಂಡಿನಲ್ಲಿ ನರ್ಸರಿಗೆ ಅಪ್ರೆಂಟಿಸ್ ಆಗಿ ಸೇರಿ, ಸಂಬಳ ತಗೊಳ್ತಾನೇ ಲೆವೆಲ್ 3 ಅನ್ನೋ ಅರ್ಹತೆ ಪಡೀಬಹುದು. ಓದು, ತರಬೇತಿಗೆ ಕೆಲಸದ ಸಮಯದಲ್ಲೇ ಒಂದು ಪಾಲು ಬಿಡುವು ಕೊಡಬೇಕು ಅನ್ನೋ ನಿಯಮ ಇದೆ. ಲೆವೆಲ್ 3 ಆದವರು ಅನುಭವದ ಮೇಲೆ ಹಿರಿಯ ಹುದ್ದೆಗೆ ಹೋಗ್ತಾರೆ. ಮುಖ್ಯ ಏನಂದ್ರೆ ಆ ಸರ್ಟಿಫಿಕೇಟ್ ಅವರ ಜೊತೆ ಬರುತ್ತೆ. ಊರು ಬಿಟ್ರೂ, ನರ್ಸರಿ ಬಿಟ್ರೂ ಅದಕ್ಕೆ ಬೆಲೆ ಇದೆ.

ನಮ್ಮಲ್ಲಿ ಹುದ್ದೆ ಊರಿಗೆ ಅಂಟಿಕೊಂಡಿದೆ. ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಸ್ಥಳೀಯರೇ ಆಗಿರಬೇಕು. ಉದ್ದೇಶ ಒಳ್ಳೇದೇ, ಊರಿನ ಮಕ್ಕಳು, ಮನೆಗಳು ಗೊತ್ತಿರೋರು ಬೇಕು. ಆದ್ರೆ ಹಗರೆ ಕಡೆಯ ಕೇಂದ್ರವೊಂದರಲ್ಲಿ ಆರು ವರ್ಷ ಪಳಗಿದ ಹೆಣ್ಣುಮಗಳು ಮದುವೆಯಾಗಿ ಅರಸೀಕೆರೆ ಕಡೆ ಹೋದ್ರೆ, ಆ ಆರು ವರ್ಷವನ್ನ ತೋರಿಸೋಕೆ ಕೈಯಲ್ಲಿ ಏನಿರುತ್ತೆ? ಅಲ್ಲಿನ ಖಾಸಗಿ ನರ್ಸರಿಯವರು ಕೇಳೋದು ಸರ್ಟಿಫಿಕೇಟ್. ಆರು ವರ್ಷದ ಕೆಲಸ ಅವರ ಲೆಕ್ಕದಲ್ಲಿ ಸೊನ್ನೆ. ಆ ಕೋರ್ಸ್ ಮಾರೋರಿಗೆ ಗಿರಾಕಿ ಸಿಗೋದು ಇದೇ ಕಾರಣಕ್ಕೆ.

ಈಗ ಅತ್ತಿಗೆಯವರ ವಿಷಯಕ್ಕೆ ಬರ್ತೀನಿ. 2022ರಲ್ಲಿ ಕೇಂದ್ರ ಸರ್ಕಾರ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಮಾರ್ಗಸೂಚಿ ಹೊರಡಿಸ್ತು. ಅದರ ಪ್ರಕಾರ ಖಾಲಿಯಾಗೋ ಕಾರ್ಯಕರ್ತೆ ಹುದ್ದೆಗಳಲ್ಲಿ ಶೇ. 50ರಷ್ಟನ್ನ ಐದು ವರ್ಷ ಅನುಭವ ಇರೋ ಸಹಾಯಕಿಯರಿಂದಲೇ ತುಂಬಬೇಕು. ಮೇಲ್ವಿಚಾರಕಿ ಹುದ್ದೆಗಳಲ್ಲೂ ಶೇ. 50ರಷ್ಟು ಐದು ವರ್ಷ ಅನುಭವ ಇರೋ ಕಾರ್ಯಕರ್ತೆಯರಿಗೆ. ಎರಡರಲ್ಲೂ ಉಳಿದ ಅರ್ಹತೆಗಳು ಇರಬೇಕು ಅನ್ನೋ ಷರತ್ತು ಇದೆ. ಆ ಷರತ್ತಲ್ಲೇ ಹಲವರು ಸಿಕ್ಕಿಹಾಕಿಕೊಳ್ಳೋದು. ಕಾರ್ಯಕರ್ತೆಗೆ ಈಗ ಪಿಯುಸಿ ಪಾಸಾಗಿರಬೇಕು. ಸಹಾಯಕಿಗೆ ಎಸ್ಸೆಸ್ಸೆಲ್ಸಿ ಸಾಕು. ಅಂದ್ರೆ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಸಹಾಯಕಿ ಎಷ್ಟು ಚೆನ್ನಾಗಿ ಕೆಲಸ ಮಾಡಿದ್ರೂ ಆ ಮೆಟ್ಟಿಲು ಹತ್ತೋಕೆ ಆಗಲ್ಲ.

ಹಾಗಾಗಿ ಅತ್ತಿಗೆಯವರದ್ದು ಪಿಯುಸಿ ಆಗಿಲ್ಲ ಅಂದ್ರೆ, ಕೋರ್ಸ್‌ಗೆ ಕಟ್ಟೋ ದುಡ್ಡಿನಲ್ಲಿ ಸಣ್ಣ ಪಾಲು ಖರ್ಚು ಮಾಡಿ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಪರೀಕ್ಷೆ ಕಟ್ಟಲಿ. ಪಿಯುಸಿ ಆಗಿದ್ರೆ ಇನ್ನೊಂದು ವರ್ಷ ಸೇವೆ ಮುಗಿಸಿ, ಹುದ್ದೆ ಖಾಲಿ ಆಗೋದನ್ನ ಕಾಯಬೇಕು. ಈ ನಡುವೆ ಬೇಲೂರಿನ ಸಿಡಿಪಿಒ ಕಚೇರಿಗೆ ಒಮ್ಮೆ ಹೋಗಿ, ಬಡ್ತಿ ಬಗ್ಗೆ ರಾಜ್ಯದ ಈಗಿನ ಆದೇಶದ ಪ್ರತಿ ಕೇಳಲಿ. ವಯಸ್ಸಿನ ಮಿತಿ, ಯಾವ ಕೇಂದ್ರದ ಹುದ್ದೆಗೆ ಯಾರನ್ನ ಪರಿಗಣಿಸ್ತಾರೆ ಅನ್ನೋದೆಲ್ಲಾ ಅದರಲ್ಲಿರುತ್ತೆ. ಯಾರೋ ಹೇಳಿದ್ದು, ವಾಟ್ಸಾಪ್‌ನಲ್ಲಿ ಬಂದದ್ದು ನಂಬಿ ಕೂರಬೇಡಿ. ಮೇಲ್ವಿಚಾರಕಿ ಆಗೋ ಆಸೆ ಇದ್ರೆ ಮುಂದೆ ಪದವಿಯೂ ಬೇಕಾಗುತ್ತೆ. ಅದಕ್ಕೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ.

ಮಕ್ಕಳ ಶಿಕ್ಷಣದ್ದೇ ಸರ್ಟಿಫಿಕೇಟ್ ಬೇಕು, ನಾಳೆ ಖಾಸಗಿಯಲ್ಲೂ ಕೆಲಸ ಹುಡುಕೋ ಹಾಗಿರಬೇಕು ಅಂದ್ರೆ ಆಗ ಕೋರ್ಸ್‌ಗೆ ಅರ್ಥ ಇದೆ. ಪಿಯುಸಿ ಆದವರು ಇಗ್ನೋದಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಮಾಡಬಹುದು, ಸೇರೋ ಮೊದಲು ಯಾವ ಭಾಷೆಯಲ್ಲಿ ಓದಬೇಕು ಅಂತ ಕೇಳ್ಕೊಳ್ಳಿ. ಎನ್‌ಟಿಟಿ, ಮಾಂಟೆಸ್ಸರಿ ಅಂತ ಬೋರ್ಡ್ ಹಾಕಿರೋ ಸಂಸ್ಥೆಗೆ ಹೋದ್ರೆ ಎರಡು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಕೊಡೋದು ಯಾರು, ಅದಕ್ಕೆ ಯಾರ ಮಾನ್ಯತೆ? ಮಕ್ಕಳಿರೋ ತರಗತಿಯಲ್ಲಿ ಎಷ್ಟು ದಿನ ಕೂರಿಸ್ತೀರಿ? ಒಳ್ಳೆ ಮಾಂಟೆಸ್ಸರಿ ಕೋರ್ಸ್‌ನಲ್ಲಿ ಮಕ್ಕಳನ್ನ ಸುಮ್ಮನೆ ಕೂತು ಗಮನಿಸಿ ಬರೆಯೋದೇ ಗಂಟೆಗಟ್ಟಲೆ ಇರುತ್ತೆ, ಸಾಮಗ್ರಿ ಹಿಡಿದು ಅಭ್ಯಾಸ ಮಾಡೋದು ಬೇರೆ. ಪಿಡಿಎಫ್ ಕಳಿಸಿ ಮನೇಲೇ ಪರೀಕ್ಷೆ ಬರೆಸ್ತೀವಿ, ಪೋಸ್ಟ್ ಗ್ಯಾರಂಟಿ ಅನ್ನೋರಿಂದ ಎದ್ದು ಬನ್ನಿ. ಸರ್ಕಾರಿ ಅಂಗನವಾಡಿ ಹುದ್ದೆಯನ್ನ ಗ್ಯಾರಂಟಿ ಕೊಡೋಕೆ ಯಾವ ಖಾಸಗಿ ಸಂಸ್ಥೆಗೂ ಅಧಿಕಾರ ಇಲ್ಲ.

ದುಡ್ಡಿನ ಮಾತನ್ನೂ ಹೇಳಬೇಕು. ಇವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ತನ್ನ ಪಾಲನ್ನ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ ಅಂತ ಮಾಡಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತೆ. 2025-26ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚಿಸೋದಾಗಿ ಹೇಳಿದ್ರು. ಇವರು ಸರ್ಕಾರಿ ನೌಕರರ ಹುದ್ದೆಯಲ್ಲಿ ಇಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಕರ್ನಾಟಕದಿಂದಲೇ ಹೋದ ಕೇಸು, ಅಮೀರ್‌ಬಿ ಪ್ರಕರಣ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟ್, ಗ್ರಾಚ್ಯುಟಿ ಪಡೆಯೋ ಹಕ್ಕು ಇವರಿಗಿದೆ ಅಂತು. ಗ್ರಾಚ್ಯುಟಿ ಲೆಕ್ಕ ಹಾಕೋದು ಸೇವೆಯ ವರ್ಷಗಳ ಮೇಲೆ, ಬಡ್ತಿಗೂ ವರ್ಷಗಳೇ ಬೇಕು.

ಅದಕ್ಕೆ ಅತ್ತಿಗೆಯವರು ಈ ವಾರ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ದಿನದ ದಾಖಲೆ, 8 ದಿನದ್ದೋ 3 ದಿನದ್ದೋ ಯಾವುದೇ ತರಬೇತಿ ಆಗಿದ್ರೆ ಅದರ ಪತ್ರ, ಗೌರವಧನ ಜಮಾ ಆದ ಬ್ಯಾಂಕ್ ಪಾಸ್‌ಬುಕ್ ಪುಟಗಳು. ಎಲ್ಲದರ ಜೆರಾಕ್ಸ್ ಒಂದು ಫೈಲ್‌ನಲ್ಲಿಟ್ಟು, ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಲಿ. ತರಬೇತಿಗೆ ಹೋಗಿದ್ದು ನಿಜ, ಪತ್ರ ಕೊಟ್ಟಿಲ್ಲ ಅಂದ್ರೆ ಮೇಲ್ವಿಚಾರಕಿ ಮೇಡಂಗೆ ಒಂದು ಅರ್ಜಿ ಬರೆದು ಕೇಳಲಿ, ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಲಿ. ಅರ್ಜಿ ಹೇಗೆ ಬರೀಬೇಕು ಅಂತ ಗೊತ್ತಾಗದಿದ್ರೆ ಮತ್ತೊಂದು ವಾಯ್ಸ್ ನೋಟ್ ಕಳಿಸಿ, ಒಂದು ಮಾದರಿ ಬರೆದು ಕಳಿಸ್ತೀನಿ.