ಹೊಲದ ದೇವರು ಅಂತ ಪೂಜಿಸಿದ್ದು ಡೈನೋಸಾರ್ ಮೊಟ್ಟೆ! ನಮ್ಮ ಕಲಬುರಗಿ ಕಲ್ಲಲ್ಲಿ ಯಾಕೆ ಸಿಗಲ್ಲ?

ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲಿಯಾ ಗ್ರಾಮ. ಹೊಲದಲ್ಲಿ ಸಿಕ್ಕ ದುಂಡನೆಯ ಕಲ್ಲುಗಳನ್ನು ಅಲ್ಲಿನ ಜನ ಬೆಳೆ, ದನಕರು ಕಾಯುವ ‘ಕಾಕಡ್ ಭೈರವ’ ಎಂದು ಪೂಜಿಸುತ್ತಿದ್ದರು. 2023ರಲ್ಲಿ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ತಜ್ಞರು ಬಂದು ನೋಡಿದಾಗ ಗೊತ್ತಾಗಿದ್ದು, ಅವು ಟೈಟನೋಸಾರ್ ಎಂಬ ಉದ್ದ ಕತ್ತಿನ, ಸೊಪ್ಪು ತಿನ್ನುವ ಡೈನೋಸಾರ್‌ನ ಮೊಟ್ಟೆಗಳು!

ಏನಿದು ‘ಲಮೇಟಾ’?

ಈ ಮೊಟ್ಟೆಗಳು ಬಂದಿದ್ದು ‘ಲಮೇಟಾ’ ಎಂಬ ಪದರು ಶಿಲೆಯಿಂದ. ಜಬಲ್ಪುರದ ಹತ್ತಿರ ನರ್ಮದಾ ದಂಡೆಯಲ್ಲಿರುವ ಲಮೇಟಾ ಘಾಟ್‌ನಿಂದ ಈ ಹೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ, ಅಲ್ಲಿ ಹೊಳೆ, ಕೆರೆ, ಜೌಗು ನೆಲ ಇತ್ತು. ಮರಳು, ಕೆಸರು, ಸುಣ್ಣ ಪದರ ಪದರವಾಗಿ ಕೂತು ಕಲ್ಲಾಯ್ತು. ಅದರೊಳಗೆ ಮೂಳೆ, ಮೊಟ್ಟೆ ಹಾಗೇ ಉಳಿದವು. ಮೇಲೆ ಲಾವಾ ಹರಿದು ಮುಚ್ಚಳ ಹಾಕಿದಂತಾಯ್ತು.

ಇಲ್ಲಿ ಮೊದಲು ಮೂಳೆ ಸಿಕ್ಕಿದ್ದು 1828ರಲ್ಲಿ, ಜಬಲ್ಪುರದಲ್ಲಿ. ಹೆಕ್ಕಿದವರು ಥಗ್ಗರನ್ನು ಹತ್ತಿಕ್ಕಿ ಹೆಸರಾದ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ ಮೂಳೆಗಳ ಆಧಾರದ ಮೇಲೆ 2003ರಲ್ಲಿ ‘ರಾಜಾಸಾರಸ್’ ಎಂಬ ಮಾಂಸಾಹಾರಿಗೆ ಹೆಸರಿಡಲಾಯ್ತು. ಧಾರ್ ಸುತ್ತಮುತ್ತ 92 ಗೂಡು, 256 ಮೊಟ್ಟೆ ಪತ್ತೆಯಾದ ಅಧ್ಯಯನ 2023ರ ಜನವರಿಯಲ್ಲಿ ಪ್ರಕಟವಾಯ್ತು. ಒಂದೊಂದು ಮೊಟ್ಟೆ 15ರಿಂದ 17 ಸೆಂ.ಮೀ. ಅಗಲ. ಗೂಡುಗಳು ಎಷ್ಟು ಒತ್ತೊತ್ತಾಗಿವೆ ಅಂದ್ರೆ, ತಾಯಿ ನಡುವೆ ಓಡಾಡಿ ಮರಿ ನೋಡಿಕೊಳ್ಳೋಕೆ ಜಾಗವೇ ಇರಲಿಲ್ಲ ಅನ್ನುತ್ತಾರೆ ವಿಜ್ಞಾನಿಗಳು.

ಹಾಗಾದ್ರೆ ನಮ್ಮಲ್ಲಿ?

ನಮ್ಮ ಶಹಾಬಾದ್ ಕಲ್ಲು ಕೂಡ ಪದರು ಶಿಲೆಯೇ. ಆದ್ರೆ ಅದು ಡೈನೋಸಾರ್ ಹುಟ್ಟೋಕೆ ಎಷ್ಟೋ ಕೋಟಿ ವರ್ಷ ಮೊದಲೇ ಸಮುದ್ರದಡಿ ಆದದ್ದು. ಕಪ್ಪು ಮಣ್ಣಿನ ಕೆಳಗಿರೋ ಕರಿಗಲ್ಲು ಡೈನೋಸಾರ್ ಕಾಲದ್ದೇ ಹೌದು, ಆದ್ರೆ ಅದು ಕುದಿಯುವ ಲಾವಾ ಆರಿ ಆದ ಕಲ್ಲು. ಅದರೊಳಗೆ ಮೊಟ್ಟೆ ಉಳಿಯೋದು ಹೇಗೆ? ಅಂದ್ರೆ ಕಾಲವೂ ಕೂಡಬೇಕು, ಕಲ್ಲೂ ಕೂಡಬೇಕು.

ಪೂರ್ತಿ ನಿರಾಸೆ ಬೇಡ. ಒಂದು ಲಾವಾ ಹರಿದು ಇನ್ನೊಂದು ಹರಿಯುವ ನಡುವೆ ಅಲ್ಲಲ್ಲಿ ಕೆರೆಗಳಾಗಿದ್ದವು. ಪಕ್ಕದ ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಅಂಥ ತೆಳು ಪದರದಲ್ಲಿ ಕೆರೆಯ ಸಣ್ಣ ಜೀವಿಗಳ ಪಳೆಯುಳಿಕೆ ಸಿಕ್ಕಿವೆ.

ವಿಚಿತ್ರ ಕಲ್ಲು ಕಂಡ್ರೆ ಏನ್ ಮಾಡ್ಬೇಕು?

ಬಾವಿ ತೋಡುವಾಗಲೋ, ಹೊಲ ಹರಗುವಾಗಲೋ ಚಿಪ್ಪು, ಮೂಳೆಯಂಥ ಗುರುತಿರೋ ಕಲ್ಲು ಕಂಡ್ರೆ ಒಡೀಬೇಡಿ, ಕಿತ್ತು ಮನೆಗೆ ಒಯ್ಯಬೇಡಿ. ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಜಾಗ ಬರೆದಿಡಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ. ಯಾವ ಪದರದಿಂದ ಬಂತು ಅಂತ ಗೊತ್ತಿಲ್ಲದಿದ್ರೆ ಆ ಕಲ್ಲು ಹೇಳಬೇಕಾದ ಅರ್ಧ ಕಥೆ ಅಲ್ಲೇ ಹೋಗುತ್ತೆ.