ಡೀಸೆಲ್ ಲೆಕ್ಕ ಸರಿಯಿದ್ದರೆ ಆಪರೇಟರ್‌ಗೂ ನ್ಯಾಯ

ಕರಾವಳಿಯ ಕಪ್ಪುಕಲ್ಲಿನ ಕೋರೆಗಳಲ್ಲಿ ಹಿಟಾಚಿ, ಟಿಪ್ಪರ್ ಓಡಿಸುವವರಲ್ಲಿ ನಮ್ಮ ಬ್ಯಾರಿ ಹುಡುಗರೂ ಇದ್ದಾರೆ. ಇಲ್ಲಿ ಕೆಲಸ ಕಲಿತು ಗಲ್ಫಿಗೆ ಹೋದವರೂ ಉಂಟು. ಮೊನ್ನೆ ಅಂಥ ಒಬ್ಬ ಹುಡುಗ ನಮ್ಮ ಬಳಿ ಬಂದು ಕುಳಿತ. "ಉಸ್ತಾದರೇ, ನಮ್ಮ ಧಣಿಗೆ ಎರಡು ಕೋರೆ ಉಂಟು. ನನ್ನ ಹಿಟಾಚಿಗೆ ಗಂಟೆಗೆ 15 ಲೀಟರ್ ಡೀಸೆಲ್ ಬೇಕು. ಆಚೆ ಕೋರೆಯದ್ದಕ್ಕೆ 12 ಸಾಕಂತೆ. ಹೆಚ್ಚಿನದ್ದನ್ನು ನನ್ನ ಸಂಬಳದಲ್ಲಿ ಹಿಡಿಯುತ್ತಾರಂತೆ" ಅಂದ. ಡೀಸೆಲ್ ಕದಿಯುತ್ತಾನೆ ಎಂಬ ಗುಸುಗುಸು ಬೇರೆ.

"ಮೋನೆ, ಗಂಟೆಗೆ ಎಷ್ಟು ಕಲ್ಲು ತುಂಬಿಸ್ತೀ?" ಎಂದು ನಾವು ಕೇಳಿದೆವು. ಅವನದ್ದು ಸುಮಾರು 100 ಟನ್, ಆಚೆಯದ್ದು 60. ಭಾಗಿಸಿ ನೋಡಿದರೆ ಇವನಿಗೆ ಟನ್ನಿಗೆ 0.15 ಲೀಟರ್, ಅವರಿಗೆ 0.20. ಹಾಗಾದರೆ ಹೆಚ್ಚು ಡೀಸೆಲ್ ಸುಡುವುದು ಯಾರು? ಯಂತ್ರಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಗಂಟೆಯ ಡೀಸೆಲನ್ನಲ್ಲ, ಟನ್ನಿನ ಡೀಸೆಲನ್ನು.

ಅಷ್ಟಕ್ಕೇ ಮುಗಿಯುವುದಿಲ್ಲ. ಬ್ಲಾಸ್ಟಿಂಗ್‌ನಲ್ಲಿ ಕಲ್ಲು ಚೆನ್ನಾಗಿ ಒಡೆದಿದ್ದರೆ ಬಕೆಟ್ ಬೇಗ ತುಂಬುತ್ತದೆ. ದೊಡ್ಡ ಬಂಡೆಗಳೇ ಉಳಿದಿದ್ದರೆ ತಡವಾಗುತ್ತದೆ. ಕ್ರಷರ್ ದೂರವಿದ್ದು ದಾರಿ ಏರಾಗಿದ್ದರೆ ಟಿಪ್ಪರ್‌ಗೂ ಡೀಸೆಲ್ ಹೆಚ್ಚು ಬೇಕು. ಟಿಪ್ಪರ್ ಕಡಿಮೆಯಿದ್ದರೆ ಹಿಟಾಚಿ ಕಾಯುತ್ತಾ ನಿಲ್ಲುತ್ತದೆ. ಇಂಜಿನ್ ಆರಿಸದಿದ್ದರೆ ಕೆಲಸವಿಲ್ಲದೆಯೂ ಅವರ್ ಮೀಟರ್ ಓಡುತ್ತಲೇ ಇರುತ್ತದೆ.

ದೊಡ್ಡ ಗಣಿಗಳಲ್ಲಿ ಇದಕ್ಕಾಗಿಯೇ ಎರಡು ಲೆಕ್ಕ ಇಡುತ್ತಾರೆ. 10 ಗಂಟೆಯ ಪಾಳಿಯಲ್ಲಿ 2 ಗಂಟೆ ರಿಪೇರಿಗೆ ಹೋಯಿತು ಅಂತ ಇಟ್ಟುಕೊಳ್ಳೋಣ. ಯಂತ್ರ ಕೆಲಸಕ್ಕೆ ಸಿಕ್ಕಿದ್ದು 8 ಗಂಟೆ, ಅಂದರೆ ಶೇ. 80. ಇದು ಲಭ್ಯತೆ. ಆ ಎಂಟರಲ್ಲಿ ನಿಜವಾಗಿ ಕೆಲಸ ಮಾಡಿದ್ದು 6 ಗಂಟೆಯಾದರೆ ಶೇ. 75. ಇದು ಬಳಕೆ. ರಿಪೇರಿಯ 2 ಗಂಟೆಗೆ ಮೆಕ್ಯಾನಿಕ್ಕನ್ನೂ ಸರ್ವಿಸ್ಸನ್ನೂ ಕೇಳಬೇಕು. ಕಾದ 2 ಗಂಟೆಗೆ ಟಿಪ್ಪರ್ ಹೊಂದಿಸಿದವರನ್ನು ಕೇಳಬೇಕು. ಆಪರೇಟರ್‌ನ ಕೈಯಲ್ಲಿರುವುದು ಮುಖ್ಯವಾಗಿ ಉಳಿದ 6 ಗಂಟೆ ಮಾತ್ರ.

ಹೋಲಿಕೆಯೂ ಸಮಾನರ ನಡುವೆ ಆಗಬೇಕು. ಸಂಡೂರಿನ ದೋಣಿಮಲೈಯಲ್ಲಿ ಅಗೆಯುವುದು ಕಬ್ಬಿಣದ ಅದಿರು. ಅದು ಕಪ್ಪುಕಲ್ಲಿಗಿಂತ ಭಾರ, ಆದ್ದರಿಂದ ಅದೇ ಅಳತೆಯ ಬಕೆಟ್‌ನಲ್ಲಿ ಹೆಚ್ಚು ಟನ್ ಏಳುತ್ತದೆ. ಆ ಟನ್ನನ್ನು ನಮ್ಮ ಕೋರೆಯ ಟನ್ನಿನ ಪಕ್ಕ ಇಟ್ಟು ನೋಡಿದರೆ ಅರ್ಥವಿಲ್ಲ. ಬಕೆಟ್ ಗಾತ್ರ, ಯಂತ್ರದ ವಯಸ್ಸು, ಕಲ್ಲಿನ ಗಡಸು, ಸಾಗಾಟದ ದೂರ ಇವು ಹತ್ತಿರಹತ್ತಿರ ಇದ್ದರೆ ಮಾತ್ರ ಹೋಲಿಸಬಹುದು. ಬರೀ ಟ್ರಿಪ್ ಎಣಿಸಿ ಹೊಗಳುವುದೂ ಅಪಾಯ. ಹುಡುಗರು ಓವರ್‌ಲೋಡ್ ಹಾಕಿ ಇಳಿಜಾರಿನಲ್ಲಿ ಜೋರಾಗಿ ಓಡಿಸುತ್ತಾರೆ. ಒಂದು ಟಿಪ್ಪರ್ ಮಗುಚಿದರೆ ಹೋಗುವುದು ಒಂದು ಮನೆಯ ಅನ್ನ.

ಆಪರೇಟರ್‌ಗಳೇ, ಒಂದು ಪುಸ್ತಕ ಇಟ್ಟುಕೊಳ್ಳಿ. ಬೆಳಗ್ಗೆ, ಸಂಜೆ ಅವರ್ ಮೀಟರ್ ಎಷ್ಟು ತೋರಿಸಿತು, ಎಷ್ಟು ಡೀಸೆಲ್ ಹಾಕಿದಿರಿ, ಎಷ್ಟು ಲೋಡ್ ಆಯಿತು, ಎಷ್ಟು ಹೊತ್ತು ಕಾದಿರಿ, ರಿಪೇರಿಗೆ ಎಷ್ಟು ಹೊತ್ತು ಹೋಯಿತು, ಇಷ್ಟು ಬರೆದರೆ ಸಾಕು. ಧಣಿಗಳೇ, ಎರಡೂ ಕೋರೆಯ ಕೆಲವು ಲೋಡುಗಳನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ, ಒಂದು ತಿಂಗಳ ಪುಸ್ತಕ ನೋಡಿ. ಆಮೇಲೆ ಸಂಬಳಕ್ಕೆ ಕೈ ಹಾಕುವ ಮಾತಾಡಿ.

ನಮ್ಮಲ್ಲಿಗೆ ಬಂದ ಹುಡುಗ ಈಗ ಬರೆಯಲು ಶುರು ಮಾಡಿದ್ದಾನೆ. ಧಣಿಯೂ ಲೆಕ್ಕ ನೋಡುತ್ತೇನೆ ಅಂದಿದ್ದಾರಂತೆ. ಹಿಡಿದಿಟ್ಟ ಸಂಬಳ ಮಾತ್ರ ಇನ್ನೂ ಕೈಗೆ ಬಂದಿಲ್ಲ.